ಶನಿವಾರದ ಆಯಿಲ್

ನನ್ನ ಬಾಯಿ ಜೋರು. ಗಡಿ ಭಾಗದ ನಮ್ಮೂರು ಉಟಗಿಯಲ್ಲಿ ಯಾರನ್ನೇ ಕೇಳಿ, ಪಂಚಶೀಲಾ ಎಂದರೆ ಮೊದಲು ಬಾಯಿ ನೆನಪಾಗುತ್ತದೆ, ಆಮೇಲೆ ಮುಖ. ಬೈಯಬೇಕಾದವರನ್ನು ನಿಂತ ಕಾಲಲ್ಲೇ ಬೈದು ಮುಗಿಸುತ್ತೇನೆ, ನಾಳೆಗೆ ಉಳಿಸಿಕೊಳ್ಳುವುದಿಲ್ಲ. ಆದರೆ ಒಬ್ಬರನ್ನು ಹೊಗಳಬೇಕೆಂದರೆ ನಾಲಿಗೆ ತಡವರಿಸುತ್ತದೆ. ಜೀಪಿನ ಹರಿಬಾಣ್ಣ, ಗ್ಯಾರೇಜಿನ ರಸೂಲ, ಈ ಇಬ್ಬರ ಉಪಕಾರ ನನ್ನ ಮೇಲಿದೆ. ಅವರ ಎದುರಿಗೇ ಹೇಳಲು ಹೋದರೆ ಮಾತು ಮತ್ತೆ ಜಗಳಕ್ಕೇ ತಿರುಗುತ್ತದೆ. ಅದಕ್ಕೆ ಇಲ್ಲಿ ಹೇಳುತ್ತೇನೆ.

ನನ್ನ ಮಗಳು ಕರಿಷ್ಮಾ ಪೊಲೀಸ್ ಭರ್ತಿಗೆ, ಅಂದರೆ ನೇಮಕಾತಿಗೆ, ತಯಾರಿ ನಡೆಸಿದ್ದಳು. ದಿನಾ ನಸುಕಿನಲ್ಲಿ ಎದ್ದು ಅಸಂಗಿ ರಸ್ತೆಯಲ್ಲಿ ಓಡುತ್ತಿದ್ದಳು. ನಾನು ದಾಳಿಂಬೆ ತೋಟದ ಕೂಲಿಗೆ ಹೊರಡುವ ಹೊತ್ತಿಗೆ ಬೆವರು ಸುರಿಸುತ್ತ ಮನೆಗೆ ಬರುತ್ತಿದ್ದಳು. ಹೋದ ವರ್ಷವೂ ಅವಳಿಗೆ ಮೈದಾನದ ಪರೀಕ್ಷೆಗೆ ಕರೆ ಬಂದಿತ್ತು. ಆಗ ಯಾರದೋ ಟೆಂಪೋ ನಂಬಿ ಸಾಂಗ್ಲಿಗೆ ಹೊರಟೆವು. ಕವಠೆಮಹಾಂಕಾಳ ದಾಟಿದ ಮೇಲೆ ಅದರ ಇಂಜಿನ್ ಕಟಕಟ ಎಂದಿತು, ಹೊಗೆ ಉಗುಳಿತು, ನಿಂತಿತು. ಡ್ರೈವರ್ ಬಾನೆಟ್ ಎತ್ತಿ, ಒಳಗಿನಿಂದ ಒಂದು ಉದ್ದನೆಯ ಕಡ್ಡಿ ಎಳೆದು ನೋಡಿ, "ಆಯಿಲ್ ಇಲ್ಲ ಯವ್ವಾ, ಇಂಜಿನ್ ಜಾಮ್ ಆತು" ಎಂದ. ಚಹಾ ತೀರಿತು ಎನ್ನುವಷ್ಟು ಸಲೀಸಾಗಿ ಹೇಳಿದ. ನಾವು ಬೇರೆ ಗಾಡಿ ಹಿಡಿದು ಮೈದಾನ ಮುಟ್ಟಿದಾಗ ಗೇಟು ಮುಚ್ಚಿತ್ತು. ಹುಡುಗಿ ಗೇಟಿನ ಸರಳು ಹಿಡಿದು ನಿಂತಳು. ಒಳಗೆ ಬೇರೆಯವರ ಮಕ್ಕಳು ಓಡುವುದು ಕಾಣುತ್ತಿತ್ತು. ಅವಳು ಅಳಲಿಲ್ಲ, ನಾನೇ ಅತ್ತೆ.

ಈ ವರ್ಷ ಮತ್ತೆ ಕರೆ ಬಂತು. ರವಿವಾರ ಬೆಳಿಗ್ಗೆ ಏಳಕ್ಕೆ ಸಾಂಗ್ಲಿಯಲ್ಲಿ ಹಾಜರಿರಬೇಕು. ಮೊದಲ ಬಸ್ಸು ಹಿಡಿದರೂ ಆ ಹೊತ್ತಿಗೆ ಮುಟ್ಟುವುದಿಲ್ಲ. "ಇದೂ ತಪ್ಪಿದ್ರ ಓಡೂದ ಬಿಡತೀನವ್ವಾ, ನಿನ್ನ ಜೋಡಿ ತ್ವಾಟಕ್ಕ ಬರತೀನಿ" ಎಂದುಬಿಟ್ಟಳು ಕರಿಷ್ಮಾ. ಆ ಮಾತು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಗಂಡ ಧನಾಜಿ ಗೋಡೆ ಕಟ್ಟುವ ಗವಂಡಿ ಕೆಲಸಕ್ಕೆ ಪುಣೆಯ ಕಡೆ ಹೋಗಿದ್ದ. ಏನು ಮಾಡುವುದು ಎಂದು ನಾನು ಕೈ ಹಿಸುಕಿಕೊಳ್ಳುತ್ತಿದ್ದಾಗ ಹರಿಬಾಣ್ಣ ತಾನಾಗಿ ಮನೆಗೆ ಬಂದ.

ಹರಿಬಾಣ್ಣ ಉಟಗಿಯಿಂದ ಜತ್ತಿಗೆ ಜೀಪು ಓಡಿಸುವವನು. ಐವತ್ತು ದಾಟಿದ ಮನುಷ್ಯ, ಬಿಳಿ ಟೊಪ್ಪಿಗೆ, ಮಾರುತಿಯ ಭಕ್ತ. ಶನಿವಾರ ಉಪವಾಸ, ಆ ದಿನ ಜೀಪಿಗೂ ರಜೆ. "ಹುಡುಗೀರನ್ನ ನಾ ಒಯ್ತೀನಿ ತಂಗಿ. ನಮ್ಮ ಉಮಾಶ್ರೀನೂ ಹೊಂಟಾಳ, ಆ ಓಣಿ ಕಾಜಲ್ನೂ ಹೊಂಟಾಳ. ಎಲ್ಲಾರೂ ಕೂಡೇ ಹೋಗೂಣು" ಎಂದ. ಉಮಾಶ್ರೀ ಅವನ ತಂಗಿಯ ಮಗಳು. ಊರಿನಿಂದ ಒಟ್ಟು ಐದು ಹುಡುಗಿಯರಿಗೆ ಕರೆ ಬಂದಿತ್ತು. ನನಗೆ ಹೋದ ಜೀವ ಬಂದಂತಾಯಿತು.

ಆದರೆ ಹಾಲಲ್ಲಿ ಬಾಯಿ ಸುಟ್ಟವಳು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾಳೆ. ಶನಿವಾರ ಮುಂಜಾನೆ ನಾನು ಜೀಪು ನೋಡಲು ಹೋದೆ. ಹರಿಬಾಣ್ಣ ಅದನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಹೊಸ ನಿಂಬೆಹಣ್ಣು ಕಟ್ಟಿದ್ದ.

"ಅಣ್ಣಾ, ಬಾನೆಟ್ ಎತ್ತು. ಆ ಕಡ್ಡಿ ಎಳದು ತೋರಸು."

"ನೀ ಯಾವಾಗ ಮಿಸ್ತ್ರಿ ಆದಿ?" ಎಂದು ನಕ್ಕ.

"ಹೋದ ವರ್ಷನ ಆಗೀನಿ. ತೋರಸು."

ಅವನು ಬಾನೆಟ್ ಎತ್ತಿದ. ಕಡ್ಡಿಯನ್ನು ನಾನೇ ಎಳೆದೆ. ಅಯ್ಯೋ ಅಯ್ಯೋ! ಕರ್‍ರಗೆ, ಮಂದವಾಗಿ, ಸುಟ್ಟ ವಾಸನೆ. ಅದೂ ತುದಿಗಷ್ಟೇ ಹತ್ತಿತ್ತು.

"ಇದು ಇಂಜಿನ್ ಆಯಿಲ್ಲೋ ಡಾಂಬರೋ? ಯಾವಾಗ ಬದಲಿ ಮಾಡಿಸಿದ್ದಿ?"

ಹರಿಬಾಣ್ಣ ಟೊಪ್ಪಿಗೆ ಸರಿಪಡಿಸಿಕೊಂಡ. "ಕಡಿಮಿ ಆದಾಗ ಮ್ಯಾಲ ಮ್ಯಾಲ ಹಾಕ್ಕೋತ ಬಂದೀನಿ. ಪೂರ್ತಿ ಬದಲಿ ಮಾಡಸಾಕ ದಿನಾನ ಸಿಕ್ಕಿಲ್ಲ."

"ಶನಿವಾರ ಗಾಡಿ ನಿಂತಿರತೈತಲ್ಲ, ಆವಾಗ ಏನ ಧಾಡಿ ಆಗಿತ್ತು?"

"ಶನಿವಾರ ಎಣ್ಣಿ ಕೊಳ್ಳತಾರೇನು ತಂಗಿ?"

ನಾನು ದಂಗಾದೆ. ನಮ್ಮ ಕಡೆ ಶನಿವಾರ ಎಣ್ಣೆ ಕೊಳ್ಳುವುದಿಲ್ಲ, ಕೊಂಡರೆ ಶನಿ ಬೆನ್ನು ಹತ್ತುತ್ತಾನೆ ಎನ್ನುತ್ತಾರೆ. ಎಷ್ಟೋ ಮನೆಗಳಲ್ಲಿ ಆ ದಿನ ಎಣ್ಣೆ ತೀರಿದ್ದರೆ ಒಗ್ಗರಣೆಯಿಲ್ಲದೆ ಸಾರು ಕುದಿಸುತ್ತಾರೆ, ಅಂಗಡಿಗೆ ಮಾತ್ರ ಹೋಗುವುದಿಲ್ಲ. ಅಡುಗೆಮನೆಯ ಆ ನೇಮವನ್ನು ಇಂಜಿನ್ನಿಗೂ ಹಚ್ಚಿದವನು ಇವನೊಬ್ಬನೇ ಇರಬೇಕು. ಶುಕ್ರವಾರ ರಸೂಲನ ಗ್ಯಾರೇಜಿಗೆ ಬೀಗ. ಉಳಿದ ದಿನ ಜೀಪಿಗೆ ಪುರುಸೊತ್ತಿಲ್ಲ. ಪುರುಸೊತ್ತಿರುವ ಶನಿವಾರ ಎಣ್ಣೆ ಕೊಳ್ಳುವುದಿರಲಿ, ಮುಟ್ಟುವುದಕ್ಕೂ ನಿಷೇಧ. ಹೀಗೆ ಹಳೆಯದರ ಮೇಲೆ ಹೊಸದನ್ನು ಸುರಿಯುತ್ತ ವರ್ಷವೇ ಕಳೆದಿತ್ತು.

"ಅದು ಬದನೀಕಾಯಿ ಹುರಿಯೂ ಎಣ್ಣಿ ಅಲ್ಲೋ ಮಾರಾಯಾ! ಇಂಜಿನ್ನಿಗೆ ಹಾಕೂದು!"

"ಜಿಡ್ಡ ಐತೋ ಇಲ್ಲೋ? ಜಿಡ್ಡ ಇದ್ದದ್ದಕ್ಕೆಲ್ಲಾ ಒಂದ ಲೆಕ್ಕ."

"ಆತು, ರಾತ್ರಿ ಹನ್ನೆರಡರ ಮ್ಯಾಲ ಹಾಕಸೂಣು. ಆವಾಗ ರವಿವಾರ."

"ಅದು ಗಡಿಯಾರದ ರವಿವಾರ. ಸೂರ್ಯ ಹುಟ್ಟೂತನಾ ಶನಿವಾರನ."

ಸೂರ್ಯ ಹುಟ್ಟುವ ಹೊತ್ತಿಗೆ ನಾವು ಮಿರಜ್ ಹತ್ತಿರ ಇರಬೇಕು! ನನ್ನ ಬಾಯಿ ಅಲ್ಲಿಂದ ಹೇಗೆ ಓಡಿತು ಎಂದು ಬರೆಯುವುದು ಬೇಡ. ಓಣಿಯ ನಾಯಿಗಳು ಎದ್ದು ಆಚೆ ಹೋದವು. ಹರಿಬಾಣ್ಣ ತಲೆ ತಗ್ಗಿಸಿ ಕೇಳಿಸಿಕೊಂಡ. ಎದುರು ಮಾತಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಆ ಹೊತ್ತಿಗೆ ಕರಿಷ್ಮಾ ಬಂದು ಜತ್ತಿನ ಸರ್ವಿಸ್ ಸೆಂಟರಿಗೆ ಫೋನ್ ಹಚ್ಚಿದಳು. ಅಲ್ಲಿಯವರು ಮರ್ಯಾದೆಯಿಂದಲೇ ಮಾತಾಡಿದರು. ಮುಂದೆ ಬಹಳ ಗಾಡಿಗಳಿವೆ, ಇವತ್ತು ತಂದು ಬಿಟ್ಟರೆ ಸೋಮವಾರ ಒಯ್ಯಬಹುದು, ಈಗ ತೆಳುವಾದ ಹೊಸ ನಮೂನೆಯ ಆಯಿಲ್ ಬಂದಿದೆ, ಅದು ಒಳ್ಳೆಯದು ಎಂದರು. ಸೋಮವಾರ ಒಯ್ದು ಏನು ಮಾಡಲಿ? ಚಹಾದ ಅಂಗಡಿಯ ಮುಂದೆ ಕೂತಿದ್ದ ತಾನಾಜಿ, "ಹೊಸಾದ ಹಾಕಸು, ಗಾಡಿ ಕುದರಿ ಆಗತೈತಿ" ಎಂದ. ಅವನ ಪಕ್ಕದ ದತ್ತಾ, "ತೆಗಿಯೋ ಅತ್ಲಾಗ! ಹಳೀ ಗಾಡಿಗೆ ದಪ್ಪನ್ನದ ಬೇಕು. ಅದೂ ಗಡಿ ಆಚೀಕಡಿ ಚಡಚಣಕ್ಕ ಹೋಗಿ ಹಾಕಸು, ಅಲ್ಲಿ ಖರೇ ಮಾಲ ಸಿಗತೈತಿ" ಎಂದ. ಇಬ್ಬರಿಗೂ ಸ್ವಂತ ಸೈಕಲ್ಲೂ ಇಲ್ಲ. ಎಲ್ಲಿ ಹಾಕಿಸುವುದು, ಯಾವುದು ಹಾಕಿಸುವುದು ಎಂದು ಅರ್ಧ ಊರು ಹೇಳಿತು. ಇವತ್ತು ಹಾಕಿಸಬೇಕಾದವನು ಮಾತ್ರ ಜೀಪಿನ ನಿಂಬೆಹಣ್ಣು ಸರಿಪಡಿಸುತ್ತ ನಿಂತಿದ್ದ.

"ನಡಿ, ರಸೂಲನ ಹಂತೇಕ ನಡಿ" ಎಂದು ಜೀಪಿನಲ್ಲಿ ಕೂತೇಬಿಟ್ಟೆ. "ಕೊಳ್ಳಬ್ಯಾಡ, ಬರೇ ತೋರಸು. ತೋರಸಾಕ ಶನಿ ಏನೂ ಅನ್ನಂಗಿಲ್ಲಲ್ಲ?"

ರಸೂಲನ ಗ್ಯಾರೇಜು ಹಿಟ್ಟಿನ ಗಿರಣಿಯ ಪಕ್ಕದಲ್ಲಿದೆ. ನಾಲ್ಕು ತಗಡು, ಒಂದು ಬೇವಿನ ಮರ, ಅಷ್ಟೇ. ನಾವು ಹೋದಾಗ ಅವನು ಒಳಗಿದ್ದ ಹೆಂಡತಿ ಆರಜೂಗೆ ದಖ್ಖನಿ ಉರ್ದುವಿನಲ್ಲಿ ಏನೋ ಕೂಗಿ ಹೇಳಿ, ನಮ್ಮ ಕಡೆ ತಿರುಗಿ, "ಬರ್‍ರಿ ಅಕ್ಕಾರ, ಕುಂದ್ರಿ. ಮಾಮಾ, ಇವತ್ತ ಗಾಡಿ ಹೊರಗ ತಂದೀರಿ?" ಎಂದ. ನಾನು ಕಡ್ಡಿ ಎಳೆದು ಅವನ ಮೂಗಿನ ಮುಂದೆ ಹಿಡಿದೆ. ಅವನು ಎಣ್ಣೆಯನ್ನು ಎರಡು ಬೆರಳಲ್ಲಿ ತಿಕ್ಕಿ, ಮೂಸಿ ನೋಡಿ, ಮುಖ ಸಣ್ಣದು ಮಾಡಿದ.

"ಸಾಂಗ್ಲಿ ಮುಟ್ಟಬಹುದು. ಮುಟ್ಟದೇನೂ ಇರಬಹುದು. ನಾ ಜಾಮೀನ ಆಗಂಗಿಲ್ಲರಿ ಅಕ್ಕಾರ. ಜತ್ತಿನ ತನಕಾ ನಿಂತು ನಿಂತು ಹೋಗೂದು ಬ್ಯಾರೆ, ಒಂದ ದಮ್ಮಿನ್ಯಾಗ ಸಾಂಗ್ಲಿ ಮಟಾ ಓಡೂದು ಬ್ಯಾರೆ."

"ಬದಲಿ ಮಾಡು ಹಂಗಾರ!"

"ಡಬ್ಬಿ ಇಲ್ಲೇ ಐತಿ. ಮಾಮಾ ಹೂಂ ಅನ್ನಬೇಕಲ್ಲ. ಅವರ ನೇಮ ನನಗ ಗೊತ್ತಿಲ್ಲೇನು?"

ನಾನು ಹರಿಬಾಣ್ಣನ ಕಡೆ ತಿರುಗಿದೆ. ಬೈಯಲು ಬಾಯಿ ತೆರೆದಿದ್ದೆ. ಅವನು ಬೇವಿನ ಮರಕ್ಕೆ ಒರಗಿ, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ.

"ನಮ್ಮ ತಮ್ಮ ವಿಠೋಬನ ಮದವಿ ತಯಾರಿ ನಡದಿತ್ತು" ಎಂದ. "ಜತ್ತಿಂದ ನಾನ ಎಣ್ಣಿ ಡಬ್ಬಿ ತಂದೆ. ಶನಿವಾರ ಐತಿ ಬ್ಯಾಡೋ ಅಂದ್ಲು ಅವ್ವ. ನಾ ಕೇಳಲಿಲ್ಲ. ಅವತ್ತ ಸಂಜೀಕ ಸೊರಡಿ ಊರಿನ ಹಾದ್ಯಾಗ ಅಂವ ಗಾಡಿ ಮ್ಯಾಲಿಂದ ಬಿದ್ದು ಹ್ವಾದ. ಎಣ್ಣಿಗೂ ಅದಕ್ಕೂ ಏನೂ ಸಂಬಂಧ ಇಲ್ಲ ಅಂತ ನನಗೂ ತಿಳೀತೈತಿ ತಂಗಿ. ಆದ್ರ ಕೈ ಏಳಂಗಿಲ್ಲ. ನನ್ನ ಒಬ್ಬನ ಮ್ಯಾಲ ಬರೂದಿದ್ರ ಬರಲಿ ಅಂತಿದ್ದೆ. ನಾಳಿ ಗಾಡ್ಯಾಗ ಐದ ಮಂದಿ ಹೆಣ್ಣಮಕ್ಕಳು ಕುಂದರತಾವು. ಅವರ ಮ್ಯಾಲ ಬಂದ್ರ?"

ನಾನು ಕಡ್ಡಿಯನ್ನು ಒರೆಸಿ ಇಂಜಿನ್ನಿಗೆ ವಾಪಸ್ ಹಾಕಿದೆ. ಮುಂಜಾನೆಯಿಂದ ನಾನು ಅವನ ಮೂಢತನವನ್ನು ಬೈದಿದ್ದೆ, ಅವನು ನನ್ನ ಮಗಳಿಗಾಗಿ ಹೆದರುತ್ತಿದ್ದ. ನಾನು ಯಾವುದಕ್ಕೆ ಅಂಜುತ್ತಿದ್ದೆನೋ ಅವನೂ ಅದಕ್ಕೇ ಅಂಜುತ್ತಿದ್ದ.

ರಸೂಲ ಕೈ ಒರೆಸಿಕೊಳ್ಳುತ್ತ ಮೆಲ್ಲಗೆ ಹೇಳಿದ: "ಅಕ್ಕಾರಿಗೆ ಶನಿ ಕಾಟ ಇಲ್ಲಲ್ಲ ಮಾಮಾ. ಡಬ್ಬಿ ಅವರು ಕೊಳ್ಳಲಿ, ಅವರ ಕೈಲೇ ಸುರೀಲಿ. ನೀವು ಮುಟ್ಟಬ್ಯಾಡ್ರಿ, ನೋಡಬ್ಯಾಡ್ರಿ."

ನನಗೆ ಮತ್ತೆ ಸಿಟ್ಟು ಬಂತು. "ನಮ್ಮಪ್ಪ ಶನಿ, ಮಂಗಳ ಎಲ್ಲಾ ಬಿಟ್ಟು ಬುದ್ಧಗ ಶರಣ ಹ್ವಾದಾಂವ. ನಾ ಹೊಳ್ಳಿ ನಿಮ್ಮ ಶನೀನ ಬೆನ್ನಿಗಿ ಕಟಗೊಳ್ಳಲ್ಯಾ?"

ಹರಿಬಾಣ್ಣನೂ ಒಪ್ಪಲಿಲ್ಲ. "ಬ್ಯಾಡೋ ರಸೂಲ. ನನ್ನ ಮ್ಯಾಲಿಂದ ತಗದು ಆಕಿ ಮ್ಯಾಲ ಹಾಕೂದು ನ್ಯಾಯ ಅಲ್ಲ. ಆಕಿಗೆ ಏನರ ಆದ್ರ ನಾ ಏನ ಮಾಡ್ಲಿ?"

ಅಷ್ಟು ಸಾಕಾಯಿತು. ಶನಿ ಇದ್ದಾನೋ ಇಲ್ಲವೋ, ಹರಿಬಾಣ್ಣನ ಹೆದರಿಕೆ ಮಾತ್ರ ನನ್ನ ಎದುರಿಗೇ ನಿಂತಿತ್ತು. ಅದನ್ನು ಇಳಿಸಿದರೆ ನಮ್ಮಪ್ಪ ನನ್ನನ್ನು ಬೈಯಲಾರ ಎನಿಸಿತು.

"ಬರಲಿ ಬಿಡಣ್ಣಾ ಶನಿ" ಎಂದೆ. "ನನ್ನ ಹಂತೇಕ ಬಂದ್ರ, ನನ್ನ ಬಾಯಿ ಕೇಳಿ ಅಂವನ ಓಡಿ ಹೋಗ್ತಾನ. ರಸೂಲಾ, ಡಬ್ಬಿ ತಗಿ."

ರಸೂಲ ಎರಡು ನಮೂನೆಯ ಡಬ್ಬಿ ತಂದು ಮುಂದಿಟ್ಟ. ಒಂದು ಹೊಸ ಗಾಡಿಗಳಿಗೆ ಹಾಕುವ ತೆಳು ಆಯಿಲ್, ಇನ್ನೊಂದು ದಪ್ಪನೆಯದು. "ತೆಳ್ಳಂದು ಕೆಟ್ಟದ್ದಲ್ಲರಿ, ಭಾಳ ಚಲೋ ಐತಿ. ಆದ್ರ ಈ ಜೀಪ ಹುಟ್ಟಿದಾಗಿಂದ ದಪ್ಪಂದ ಕುಡದೈತಿ. ಸಂದಿಗೊಂದಿ ಎಲ್ಲಾ ಸವದಾವು, ತೆಳ್ಳಂದು ಹಾಕಿದ್ರ ಅಲ್ಲೆಲ್ಲಾ ಸೋರಬಹುದು. ಜ್ವಾಳದ ರೊಟ್ಟಿ ಮ್ಯಾಲ ಬೆಳದಾಂವಗ ಹೊಲಕ್ಕ ಹೋಗೂ ದಿನಾನ ಇಡ್ಲಿ ಕೊಡಬಾರದು."

"ಖಾತ್ರಿ ಏನು?"

"ನನ್ನ ಗಾಡ್ಯಾಗೂ ಇದನ್ನ ಹಾಕೀನಿ. ಅದಕಿಂತ ಖಾತ್ರಿ ನನ್ನ ಹಂತೇಕ ಇಲ್ಲ."

ನನಗೆ ಅಷ್ಟೇ ಬೇಕಿತ್ತು. ದಪ್ಪನೆಯದನ್ನು ಕೊಂಡೆ. ಸೀಲು ನಾನೇ ನೋಡಿದೆ, ಉಗುರಿನಿಂದ ಗೀರಿಯೂ ನೋಡಿದೆ. ರಸೂಲ ನಕ್ಕ, ಆದರೆ ತಡೆಯಲಿಲ್ಲ. ಅವನು ಮೊದಲು ಇಂಜಿನ್ ಚಾಲೂ ಮಾಡಿ ಸ್ವಲ್ಪ ಹೊತ್ತು ಬಿಸಿಯಾಗಲು ಬಿಟ್ಟ. ಬಿಸಿಯಾದರೆ ಹೊಲಸೆಲ್ಲ ಇಳಿದು ಬರುತ್ತದಂತೆ. ಆಮೇಲೆ ಜೀಪಿನ ಕೆಳಗೆ ಸರಿದು ಬಿರಡೆ ಬಿಚ್ಚಿದ. ಕೆಳಗಿಟ್ಟ ತಗಡಿನ ಬುಟ್ಟಿಗೆ ಕರೀ ರಾಡಿ ಧಾರೆಯಾಗಿ ಇಳಿಯಿತು. ಡೀಸೆಲ್ ಹಾಕಿ ತೊಳೆಯುವುದಿಲ್ಲವೇ ಎಂದು ಕೇಳಿದೆ. "ಇವತ್ತ ಬ್ಯಾಡ. ಅಂಟಗೊಂಡಿದ್ದು ಒಮ್ಮೆಲೇ ಬಿಚ್ಚಿ ನಾಳಿ ಹಾದ್ಯಾಗ ಎಲ್ಲೆರ ಸಿಗಬಿದ್ರ ತ್ರಾಸ" ಎಂದ. ಕೊನೆಯ ಹನಿ ಬೀಳುವ ತನಕ ನಾವು ಆರಜೂ ಕೊಟ್ಟ ಚಹಾ ಕುಡಿಯುತ್ತ ಕೂತೆವು. ಅವನು ಫಿಲ್ಟರ್ ಬದಲಿಸಿ, ಬಿರಡೆ ಬಿಗಿದು, ನನ್ನ ಕೈಗೆ ಡಬ್ಬಿ ಕೊಟ್ಟ.

ಹರಿಬಾಣ್ಣ ಗಿರಣಿಯ ಗೋಡೆಯ ಕಡೆ ಮುಖ ಮಾಡಿ, ಹಸೆಮಣೆಯ ಮೇಲಿನ ಮದುಮಗಳ ಹಾಗೆ ನಿಂತಿದ್ದ. ನಾನು ಸುರಿದೆ. ಜೇನಿನ ಬಣ್ಣದ ಆಯಿಲ್ ಸದ್ದಿಲ್ಲದೆ ಇಳಿಯಿತು. ಸುರಿಯುವಾಗ ನಾನು ಯಾವ ದೇವರನ್ನೂ ನೆನೆಯಲಿಲ್ಲ. ಗೇಟಿನ ಸರಳು ಹಿಡಿದ ಮಗಳ ಬೆರಳುಗಳು ಕಣ್ಣ ಮುಂದೆ ಬಂದವು, ಅಷ್ಟೇ.

ಮುಗಿದ ಮೇಲೆ ರಸೂಲ ಮಿಕ್ಕಿದ್ದನ್ನು ಬಾಟಲಿಗೆ ಬಗ್ಗಿಸಿ, ಖಾಲಿ ಡಬ್ಬಿಗೆ ಸ್ಕ್ರೂಡ್ರೈವರಿನಿಂದ ತೂತು ಹೊಡೆದ. ಯಾಕೆಂದು ಕೇಳಿದೆ. "ಯಾರೂ ಇದರಾಗ ಕಳ್ಳ ಎಣ್ಣಿ ತುಂಬಿ ಮಾರಬಾರದು. ಹಿಂಗ ಗಿರಾಕಿ ಎದುರಿಗೇನ ಒಡೀತೀನಿ" ಎಂದ. ಬಾಟಲಿಯನ್ನು ನನ್ನ ಕೈಗೆ ಕೊಟ್ಟ. ಅಸಂಗಿಯ ತನಕ ಜೀಪು ಓಡಿಸಿ ತಂದು ಮತ್ತೆ ಕಡ್ಡಿ ನೋಡಿದೆವು. ಎಲ್ಲ ಸರಿ ಇತ್ತು.

ಮರುದಿನ ಕೋಳಿ ಕೂಗುವ ಮುಂಚೆ ಹೊರಟಾಗ ರಸೂಲ ತಾನಾಗಿಯೇ ರಸ್ತೆಗೆ ಬಂದು ನಿಂತಿದ್ದ. ಯಾರೂ ಕರೆದಿರಲಿಲ್ಲ. ಬಾನೆಟ್ ಮೇಲೆ ಕೈಯಿಟ್ಟು ಇಂಜಿನ್ನಿನ ಸದ್ದು ಕೇಳಿ, "ಹೂಂ, ನಡೀರಿ. ಹುಡುಗೀರಾ, ಚಲೋತ್ನಂಗ ಓಡ್ರಿ" ಎಂದು ಮನೆಗೆ ಹೋದ.

ಕವಠೆಮಹಾಂಕಾಳ ದಾಟುವಾಗ ನಾನು ಮುಂದೆ ಬಗ್ಗಿ ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟೆ. ಹರಿಬಾಣ್ಣ ಏನೂ ಕೇಳದೆ ಗಾಡಿ ಬದಿಗೆ ಹಚ್ಚಿದ. "ನೋಡು ತಂಗಿ, ನಿನ್ನ ಮನಸ್ಸಿಗೆ ಸಮಾಧಾನ ಆಗಲಿ. ನಾ ಇನ್ನೂ ಮುಟ್ಟಂಗಿಲ್ಲ." ಕರಿಷ್ಮಾ ಮೊಬೈಲಿನ ಬೆಳಕು ಹಿಡಿದಳು, ನಾನು ಕಡ್ಡಿ ಎಳೆದೆ. ಎಣ್ಣೆ ಗುರುತಿನ ತನಕ ಇತ್ತು. ಹಿಂದೆ ಕೂತಿದ್ದ ಹುಡುಗಿಯರು ಚಪ್ಪಾಳೆ ಹೊಡೆದರು. ಮಿರಜ್ ಹತ್ತಿರ ಬೆಳಕು ಮೂಡಿತು. "ಈಗ ರವಿವಾರ ಆತ ನೋಡು" ಎಂದ ಹರಿಬಾಣ್ಣ. ಎಲ್ಲರೂ ನಕ್ಕೆವು. ಗೇಟು ಮುಟ್ಟಿದಾಗ ಅದು ಬಾಯಿ ತೆರೆದುಕೊಂಡಿತ್ತು. ಕರಿಷ್ಮಾ ಒಳಗೆ ಹೋಗುವಾಗ ತಿರುಗಿ ನೋಡಲಿಲ್ಲ. ನೋಡದಿದ್ದದ್ದೇ ಚಲೋ ಆಯಿತು, ನಾನು ಮತ್ತೆ ಅಳುತ್ತಿದ್ದೆ.

ಹೊತ್ತು ಏರಿತು. ಹೊರಗೆ ಒಂದು ಮರದ ಕೆಳಗೆ ಕೂತು ರೊಟ್ಟಿಯ ಗಂಟು ಬಿಚ್ಚಿದೆ. ಸಜ್ಜೆ ರೊಟ್ಟಿ, ನಂಜಿಕೊಳ್ಳಲು ಶೇಂಗಾ ಹಿಂಡಿ. "ತಗೋ ಅಣ್ಣಾ" ಎಂದೆ. ಬೇಡವೆಂದ. ಒತ್ತಾಯ ಮಾಡಿದೆ, ಆಮೇಲೆ ಗದರಿಸಿದೆ.

"ಉಪಾಸ ಐತಿ ತಂಗಿ."

"ಶನಿವಾರದ ಉಪಾಸ ನಿನ್ನೀನ ಮುಗೀತಲ್ಲ?"

ಅವನು ನೆಲ ನೋಡುತ್ತ ಹೇಳಿದ: "ಬಿಟ್ಟಿಲ್ಲ. ನೀ ಎಣ್ಣಿ ಕೊಂಡೀಯಲ್ಲ, ನಿನ್ನ ಮ್ಯಾಲ ಏನೂ ಬರಬಾರದು ಅಂತ ಬೇಡಿಕೊಂಡೀನಿ. ಕರಿಷ್ಮಾ ಓಡಿ ಹೊರಗ ಬರಲಿ, ಆಮ್ಯಾಲ ಉಣತೀನಿ."

ಇಡೀ ದಾರಿ ಈ ಮನುಷ್ಯ ಚಹಾದ ಮೇಲೆ ಗಾಡಿ ಹೊಡೆದಿದ್ದ. ನಾನು ಗಂಟನ್ನು ಮತ್ತೆ ಕಟ್ಟಿದೆ. ನನಗೆ ಉಪವಾಸದಲ್ಲಿ ನಂಬಿಕೆಯಿಲ್ಲ, ಆದರೆ ಅವನ ಮುಂದೆ ಒಬ್ಬಳೇ ಉಣ್ಣಲು ಮನಸ್ಸಾಗಲಿಲ್ಲ. ಇಬ್ಬರೂ ಗೇಟು ನೋಡುತ್ತ ಕೂತೆವು. ಬಿಸಿಲು ನೆತ್ತಿಗೆ ಬಂದಾಗ ಕರಿಷ್ಮಾ ಬಂದಳು. ಮೈಯೆಲ್ಲ ಧೂಳು, ಮುಖದ ತುಂಬ ನಗು. "ಅವ್ವಾ, ಚಲೋ ಆತು!" ಎಂದಳು. ಮೊದಲ ತುತ್ತನ್ನು ನಾನು ಹರಿಬಾಣ್ಣನ ಕೈಗೇ ಕೊಟ್ಟೆ.

ಮುಂದೆ ಬರೆಯುವ ಲೇಖಿ ಪರೀಕ್ಷೆಯೂ ಮುಗಿದು ಆಯ್ಕೆಯಾದವರ ಯಾದಿಯಲ್ಲಿ ಹೆಸರು ಬಂತು. ಈಗ ಕರಿಷ್ಮಾ ತರಬೇತಿಯಲ್ಲಿದ್ದಾಳೆ. ಉಮಾಶ್ರೀ ಮುಂದಿನ ವರ್ಷಕ್ಕೆ ಮತ್ತೆ ಓಡುತ್ತಿದ್ದಾಳೆ. ಜೀಪಿನ ಆಯಿಲ್ ಈಗ ತಪ್ಪದೆ ಬದಲಾಗುತ್ತದೆ, ಅದೂ ಶನಿವಾರವೇ. ರಸೂಲ ಫೋನ್ ಮಾಡಿ, "ಅಕ್ಕಾರ, ಬರ್‍ರಿ, ನಿಮ್ಮ ಡ್ಯೂಟಿ ಬಂದೈತಿ" ಎನ್ನುತ್ತಾನೆ. ನಾನು ತೋಟದಿಂದ ನೇರ ಗ್ಯಾರೇಜಿಗೆ ಹೋಗುತ್ತೇನೆ.

ಮೊನ್ನೆಯೂ ಹೋಗಿದ್ದೆ. ದಪ್ಪನೆಯ ಆಯಿಲ್, ಸೀಲು ನೋಡಿ ಕೊಂಡೆ, ಸುರಿದೆ. ಹರಿಬಾಣ್ಣ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಮುಗಿದ ಮೇಲೆ ರೊಟ್ಟಿಯ ಗಂಟು ತೋರಿಸಿ, "ನಾಳಿ ಮುಂಜಾನಿ ಉಣ್ಣಾಕರ ಇಟಗೋ" ಎಂದೆ.

"ನಾಳಿ ಸಂಜೀ ತನಕಾ ಉಪಾಸ ಐತಿ ತಂಗಿ."

"ಈಗ್ಯಾಕಪಾ? ಗಾಡ್ಯಾಗ ಹುಡುಗೀರು ಇಲ್ಲ, ಏನೂ ಇಲ್ಲ!"

"ನೀ ಇದ್ದೀಯಲ್ಲ" ಎಂದ.

ಬೈಯಬೇಕೆಂದು ಬಾಯಿ ತೆರೆದೆ. ರಸೂಲ ತಲೆ ಬಗ್ಗಿಸಿ ಡಬ್ಬಿಗೆ ತೂತು ಹೊಡೆಯುತ್ತಿದ್ದ. ನಾನು ಗಂಟನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದೆ. ಮರುದಿನ ಸಂಜೆ ಹೊಸದಾಗಿ ರೊಟ್ಟಿ ಬಡಿದು, ಬಿಸಿಬಿಸಿಯಾಗಿ ಹರಿಬಾಣ್ಣನ ಮನೆಗೆ ಒಯ್ದು ಕೊಟ್ಟೆ.